ಕ್ರೆಡಿಟ್ ಯೂನಿಯನ್ನಿಗೆ "ಸೇರೋದು" ಅಂದ್ರೇನು? 5 ಡಾಲರ್ ಯಾಕೆ ಕೇಳ್ತಾರೆ?

ಹೊಸನೀರು

ಎಲ್ಲರಿಗೂ ನಮಸ್ಕಾರ. ಅಮೆರಿಕಕ್ಕೆ ಬಂದು ಐದು ವಾರ ಆಯಿತು. ಸಂಬಳ ಹಾಕೋದಕ್ಕೆ ಕಂಪನಿಯವರು ಅಕೌಂಟ್ ನಂಬರ್ ಕೇಳ್ತಾ ಇದ್ದಾರೆ. ಯಾವುದಾದರೂ ದೊಡ್ಡ ಬ್ಯಾಂಕಿಗೆ ಹೋಗಿ ಕೆಲಸ ಮುಗಿಸೋಣ ಅಂತಿದ್ದೆ. ಪಕ್ಕದ ಸೀಟಿನವರು ಕೇಳಿ, ಬ್ಯಾಂಕ್ ಯಾಕೆ, ನಮ್ಮ ಕ್ರೆಡಿಟ್ ಯೂನಿಯನ್ನಿಗೆ ಸೇರಿಕೊಳ್ಳಿ ಅಂದರು. ಅಕೌಂಟ್ ತೆಗೆಯಿರಿ ಅನ್ನಲಿಲ್ಲ, ಸೇರಿಕೊಳ್ಳಿ ಅಂದರು. ಅದೇ ತಲೆ ಕೊರೀತಾ ಇದೆ.

ಅವರ ವೆಬ್‌ಸೈಟ್ ನೋಡಿದೆ. ಮೊದಲನೇ ಪ್ರಶ್ನೆಯೇ "ನೀವು ಸೇರಬಹುದಾ?" ಅಂತ. ಈ ಕೌಂಟಿಯಲ್ಲಿ ವಾಸ ಇದ್ದೀರಾ, ಕೆಲಸ ಮಾಡ್ತೀರಾ, ಓದ್ತೀರಾ, ಪ್ರಾರ್ಥನೆಗೆ ಹೋಗ್ತೀರಾ, ಯಾವುದಾದರೂ ಒಂದಕ್ಕೆ ಟಿಕ್ ಹಾಕಬೇಕು. ದುಡ್ಡಿಡೋಕೆ ಬಂದವನನ್ನ ಯಾವ ಗುಡಿಗೆ ಹೋಗ್ತೀಯ ಅಂತ ಕೇಳಿದ್ದು ನಾನು ನೋಡಿದ್ದು ಇದೇ ಮೊದಲು.

ಆಮೇಲೆ 5 ಡಾಲರ್ ಕಟ್ಟಬೇಕಂತೆ. ಸದಸ್ಯನಾಗಿರೋ ತನಕ ಅದನ್ನು ಮುಟ್ಟೋ ಹಾಗಿಲ್ಲವಂತೆ. ಇದು ಫೀಸಾ, ಡೆಪಾಸಿಟ್ಟಾ? ಏನಾದರೂ ಎಡವಟ್ಟಾಗಿ ಯೂನಿಯನ್ ಮುಳುಗಿದರೆ ನನ್ನ ಸಂಬಳದ ಗತಿ ಏನು? ಗೊತ್ತಿದ್ದವರು ದಯವಿಟ್ಟು ಹೇಳಿ.

ಕೌಂಟರ್ ಅಕ್ಕ

ಹೊಸನೀರು ಅವರೇ, ಸ್ವಾಗತ. ನಾನು ಒಂದು ಸಣ್ಣ ಕ್ರೆಡಿಟ್ ಯೂನಿಯನ್ನಿನ ಕೌಂಟರಿನಲ್ಲಿ ಒಂಬತ್ತು ವರ್ಷ ಕೂತವಳು. ಈಗ ಬಿಟ್ಟಿದ್ದೀನಿ. ಹಾಗಾಗಿ ಯಾರ ಪರವೂ ಮಾತಾಡಬೇಕಾಗಿಲ್ಲ.

ಆ 5 ಡಾಲರ್ ಫೀಸಲ್ಲ. ಅದು ನಿಮ್ಮ ಷೇರು. ನಮ್ಮಲ್ಲಿ ಸಹಕಾರ ಸಂಘಕ್ಕೆ ಷೇರು ಹಣ ಕಟ್ಟಿ ಮೆಂಬರ್ ಆಗ್ತಾರಲ್ಲ, ಅದೇ ಲೆಕ್ಕ. ಕಟ್ಟಿದ ದಿನದಿಂದ ನೀವು ಗಿರಾಕಿ ಅಲ್ಲ, ಮಾಲೀಕರಲ್ಲಿ ಒಬ್ಬರು. ಅಲ್ಲಿ ಲಕ್ಷ ಡಾಲರ್ ಇಟ್ಟವರಿಗೂ ಒಂದೇ ವೋಟು, ನಿಮ್ಮ 5 ಡಾಲರಿಗೂ ಒಂದೇ ವೋಟು. ಬಿಟ್ಟು ಹೋಗುವ ದಿನ ಆ 5 ಡಾಲರ್ ನಿಮ್ಮ ಕೈಗೆ ವಾಪಸ್ ಬರುತ್ತೆ. ಕೆಲವು ಕಡೆ 5, ಕೆಲವು ಕಡೆ 25, ಅವರವರ ನಿಯಮ.

ಅದಕ್ಕೇ ಅಲ್ಲಿ ಹೆಸರುಗಳೂ ಬೇರೆ. ಸೇವಿಂಗ್ಸ್ ಅಕೌಂಟಿಗೆ ಷೇರ್ ಸೇವಿಂಗ್ಸ್ ಅಂತಾರೆ. ದಿನದ ಖರ್ಚಿನ ಚೆಕಿಂಗ್ ಅಕೌಂಟಿಗೆ ಷೇರ್ ಡ್ರಾಫ್ಟ್. ಎಫ್‌ಡಿ ಥರದ್ದಕ್ಕೆ ಷೇರ್ ಸರ್ಟಿಫಿಕೇಟ್. ಬಡ್ಡಿ ಅನ್ನಲ್ಲ, ಡಿವಿಡೆಂಡ್ ಅಂತಾರೆ. ತಮಾಷೆ ಏನಂದ್ರೆ ತೆರಿಗೆ ಇಲಾಖೆ ಮಾತ್ರ ಅದನ್ನು ಬಡ್ಡಿ ಅಂತಲೇ ಎಣಿಸುತ್ತೆ. ವರ್ಷಕ್ಕೆ 10 ಡಾಲರ್ ದಾಟಿದರೆ 1099-ಐಎನ್‌ಟಿ ಫಾರ್ಮ್ ಬರುತ್ತೆ, ಡಿವಿಡೆಂಡಿನ ಫಾರ್ಮ್ ಅಲ್ಲ. ಮೊದಲ ವರ್ಷ ಎಲ್ಲರೂ ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ.

ಗುಡಿಯ ಪ್ರಶ್ನೆಗೆ ಉತ್ತರ: ಕಾನೂನಿನ ಪ್ರಕಾರ ಒಂದು ಕ್ರೆಡಿಟ್ ಯೂನಿಯನ್ ಸಿಕ್ಕ ಸಿಕ್ಕವರನ್ನೆಲ್ಲ ಸೇರಿಸಿಕೊಳ್ಳೋ ಹಾಗಿಲ್ಲ. ಸದಸ್ಯರ ಮಧ್ಯೆ ಏನಾದರೂ ಒಂದು ನಂಟಿರಬೇಕು. ಒಂದೇ ಕಂಪನಿ, ಒಂದೇ ಸಂಘಟನೆ, ಇಲ್ಲವೇ ಒಂದೇ ಪ್ರದೇಶ. ನಿಮ್ಮದು ಪ್ರದೇಶದ ಲೆಕ್ಕದ್ದು. ಅಲ್ಲಿ ವಾಸ, ಕೆಲಸ, ಓದು, ಪ್ರಾರ್ಥನೆ, ಯಾವುದಾದರೂ ಒಂದಿದ್ದರೆ ಸಾಕು. ಮನೆಯವರೊಬ್ಬರು ಸದಸ್ಯರಾಗಿದ್ದರೆ ಆ ದಾರಿಯಲ್ಲೂ ಸೇರಬಹುದು.

ಲೆಕ್ಕದ ಪುಸ್ತಕ

ದುಡ್ಡು ಮುಳುಗೋ ಪ್ರಶ್ನೆಗೆ ನಾನು ಹೇಳ್ತೀನಿ. ಬ್ಯಾಂಕಿನಲ್ಲಿಟ್ಟ ದುಡ್ಡಿಗೆ ವಿಮೆ ಕೊಡೋ ಎಫ್‌ಡಿಐಸಿ ಇದ್ದ ಹಾಗೆ ಕ್ರೆಡಿಟ್ ಯೂನಿಯನ್ನುಗಳಿಗೆ ಎನ್‌ಸಿಯುಎ ಅಂತ ಸರ್ಕಾರಿ ಸಂಸ್ಥೆ ಇದೆ. ಅದರ ವಿಮಾ ನಿಧಿ 1970ರಿಂದ ಇದೆ. ಒಬ್ಬ ಸದಸ್ಯನ ಹೆಸರಲ್ಲಿರೋ ದುಡ್ಡಿಗೆ ಒಂದು ಯೂನಿಯನ್ನಿನಲ್ಲಿ 2,50,000 ಡಾಲರ್ ತನಕ ರಕ್ಷಣೆ. ಜಾಯಿಂಟ್ ಅಕೌಂಟ್ ಬೇರೆ ಲೆಕ್ಕ, ಅದರಲ್ಲಿ ಪ್ರತಿಯೊಬ್ಬರ ಪಾಲಿಗೂ ಇನ್ನೊಂದು 2,50,000. ಗಂಡ ಹೆಂಡತಿ ಇಬ್ಬರದ್ದೂ ಸೇರಿದರೆ ಜಾಯಿಂಟಿನಲ್ಲೇ 5,00,000. ಐದು ವಾರದ ಹಿಂದೆ ಬಂದ ನಿಮಗೆ ಇದು ಚಿಂತೆ ಮಾಡೋ ಮೊತ್ತ ಅಲ್ಲ ಬಿಡಿ.

ಒಂದೇ ಒಂದು ಎಚ್ಚರಿಕೆ. ರಾಜ್ಯ ಸರ್ಕಾರದಿಂದ ಚಾರ್ಟರ್ (ನಡೆಸೋ ಅನುಮತಿ) ಪಡೆದ ಕೆಲವು ಯೂನಿಯನ್ನುಗಳು ಖಾಸಗಿ ವಿಮೆ ಇಟ್ಟುಕೊಂಡಿರುತ್ತವೆ. ಅದರ ಹಿಂದೆ ಸರ್ಕಾರ ನಿಂತಿಲ್ಲ. ಬಾಗಿಲಲ್ಲಿ, ಕೌಂಟರಿನಲ್ಲಿ ಎನ್‌ಸಿಯುಎ ಬೋರ್ಡ್ ಇದೆಯಾ ನೋಡಿ. ಎನ್‌ಸಿಯುಎ ವೆಬ್‌ಸೈಟಿನಲ್ಲೇ ಹೆಸರು ಹಾಕಿ ಹುಡುಕಬಹುದು.

ಆದರೆ ಇಲ್ಲಿ ಕೆಲವರು ಕ್ರೆಡಿಟ್ ಯೂನಿಯನ್ ಅಂದ ಕೂಡಲೇ ಕೈಮುಗಿಯುತ್ತಾರಲ್ಲ, ಅದು ನನಗೆ ಹಿಡಿಸಲ್ಲ. ನನ್ನ ಯೂನಿಯನ್ನಿನ ಆ್ಯಪ್ ನೋಡಿದರೆ ಅಳು ಬರುತ್ತೆ. ಶನಿವಾರ ಮಧ್ಯಾಹ್ನ ಬಾಗಿಲು. ಸೇವಿಂಗ್ಸ್ ದರ ಆನ್‌ಲೈನ್ ಬ್ಯಾಂಕಿನ ಕಾಲು ಭಾಗವೂ ಇಲ್ಲ. ಕಾರ್ ಲೋನ್ ಮಾತ್ರ ಚೆನ್ನಾಗಿ ಕೊಟ್ಟರು, ಅದನ್ನ ಒಪ್ಪುತ್ತೀನಿ.

ಮಾರಾಯ ಮಂಜ

ಲೆಕ್ಕದವರೇ, ನಿಮ್ಮ ಆ್ಯಪಿನ ಸಂಕಟ ಇಡೀ ಲೋಕಕ್ಕೆ ಗೊತ್ತುಂಟು ಮಾರಾಯ್ರೆ 😄

ಕೌಂಟರ್ ಅಕ್ಕ ಸಹಕಾರ ಸಂಘ ಅಂದದ್ದು ಬರೀ ಹೋಲಿಕೆ ಅಲ್ಲ. ಎರಡಕ್ಕೂ ಬೇರು ಒಂದೇ, ಜರ್ಮನಿಯ ರೈಫೈಸೆನ್ ಮತ್ತು ಶುಲ್ಜ್ ಡೆಲಿಟ್ಷ್ ಶುರು ಮಾಡಿದ ಸಾಲದ ಸಂಘಗಳು. ನಮ್ಮಲ್ಲಿ 1904ರ ಕಾಯ್ದೆ ಬಂದ ಮರು ವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಇನ್ನು ಎಡ್ವರ್ಡ್ ಫೈಲೀನ್ ಅಂತ ಬಾಸ್ಟನ್ನಿನ ಬಟ್ಟೆ ವ್ಯಾಪಾರಿ ಇದ್ದರು. ಅವರು 1907ರಲ್ಲಿ ಭಾರತಕ್ಕೆ ಹೋದಾಗ ಬಂಗಾಳದ ಹಳ್ಳಿಗಳಲ್ಲಿ ಇಂಥ ಸಂಘ ನೋಡಿ ತಲೆಗೆ ಹಚ್ಚಿಕೊಂಡರು. ಊರಿಗೆ ವಾಪಸ್ ಬಂದು ಇದಕ್ಕೇ ದುಡ್ಡು ಸುರಿದರು. 1934ರಲ್ಲಿ ರೂಸ್‌ವೆಲ್ಟ್ ಸಹಿ ಹಾಕಿ ಇಡೀ ದೇಶಕ್ಕೆ ಕ್ರೆಡಿಟ್ ಯೂನಿಯನ್ ಕಾನೂನು ಬಂತು.

ಇದಕ್ಕಿಂತ ಚಂದದ ಕತೆ ಕೆನಡಾದ್ದು. ಅಲ್ಫೋನ್ಸ್ ದೆಜಾರ್ಡಿನ್ ಅಂತ ಅಲ್ಲಿನ ಸಂಸತ್ತಿನಲ್ಲಿ ಭಾಷಣ ಬರೆದುಕೊಳ್ಳುವ ಕೆಲಸ. 1897ರಲ್ಲಿ ಒಬ್ಬ ಸದಸ್ಯರು ಎದ್ದು, ಮಾಂಟ್ರಿಯಲ್‌ನಲ್ಲಿ 150 ಡಾಲರ್ ಸಾಲ ಮಾಡಿದವನೊಬ್ಬನಿಂದ 5,000 ಡಾಲರ್ ಬಡ್ಡಿ ವಸೂಲಿ ಮಾಡಿದ್ದಾರೆ ಅಂದರು. ಅದನ್ನು ಬರೆದುಕೊಂಡ ಮನುಷ್ಯ ಬರೆದು ಸುಮ್ಮನಾಗಲಿಲ್ಲ. 1900ರಲ್ಲಿ ಲೆವಿ ಅನ್ನೋ ಊರಲ್ಲಿ ಸಂಘ ಶುರು ಮಾಡಿದರು. ಮೊದಲ ದಿನ ಸೇರಿದ ದುಡ್ಡು 26 ಡಾಲರ್ 40 ಸೆಂಟ್. ಅವರೇ ಆಮೇಲೆ ಗಡಿ ದಾಟಿ ಬಂದು ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಅಮೆರಿಕದ ಮೊದಲನೇ ಕ್ರೆಡಿಟ್ ಯೂನಿಯನ್ನಿಗೂ ಕೈಜೋಡಿಸಿದರು. ಅದೂ ಒಂದು ಚರ್ಚಿನವರ ಸಂಘವೇ. ಗುಡಿಯ ಪ್ರಶ್ನೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತಲ್ಲ?

ಹೊಸನೀರು

ಅಬ್ಬಾ, ಇಷ್ಟೆಲ್ಲ ಇದೆಯಾ! ಕೌಂಟರ್ ಅಕ್ಕ, ಮಂಜ ಅವರೇ, ಲೆಕ್ಕದ ಸರ್, ಎಲ್ಲರಿಗೂ ಥ್ಯಾಂಕ್ಸ್. ಸೇರೋಣ ಅಂತಲೇ ಮನಸ್ಸಾಯಿತು. ಹೋಗುವಾಗ ಏನೇನು ಒಯ್ಯಬೇಕು? ಮನೆ ಅಗ್ರಿಮೆಂಟ್ ಸ್ನೇಹಿತನ ಹೆಸರಲ್ಲಿದೆ. ನನ್ನ ಹೆಸರಿಗೆ ಕರೆಂಟ್ ಬಿಲ್ ಕೂಡ ಇಲ್ಲ.

ಕೌಂಟರ್ ಅಕ್ಕ

ಅವರು ಕೇಳೋದು ನಾಲ್ಕು ಸಂಗತಿ. ಹೆಸರು, ಹುಟ್ಟಿದ ದಿನ, ಇರೋ ವಿಳಾಸ, ಒಂದು ಗುರುತಿನ ನಂಬರ್. ಎಲ್ಲ ಕಡೆಯೂ ಇದು ಕಡ್ಡಾಯ. ನಂಬರ್ ಅಂದ್ರೆ ಎಸ್‌ಎಸ್‌ಎನ್, ಸೋಷಿಯಲ್ ಸೆಕ್ಯುರಿಟಿ ನಂಬರ್. ಅದಿಲ್ಲದಿದ್ದರೆ ತೆರಿಗೆ ಇಲಾಖೆ ಕೊಡೋ ಐಟಿಐಎನ್ ನಂಬರ್, ಅದೂ ಇಲ್ಲದಿದ್ದರೆ ಪಾಸ್‌ಪೋರ್ಟ್ ನಂಬರ್. ಕಾನೂನು ಇಷ್ಟಕ್ಕೆ ಒಪ್ಪುತ್ತೆ. ಆದರೆ ಎಸ್‌ಎಸ್‌ಎನ್ ಇಲ್ಲದೆ ಆಗಲ್ಲ ಅಂತ ಹಟ ಹಿಡಿಯೋ ಯೂನಿಯನ್ನುಗಳೂ ಇವೆ. ಅದು ಅವರ ಮನೆ ನಿಯಮ, ಜಗಳ ಆಡಿ ಉಪಯೋಗ ಇಲ್ಲ. ಹೊರಡೋ ಮುಂಚೆ ಒಂದು ಫೋನ್ ಮಾಡಿ ಕೇಳಿಕೊಳ್ಳಿ.

ವಿಳಾಸಕ್ಕೆ ಸ್ನೇಹಿತನ ಅಗ್ರಿಮೆಂಟಿನಲ್ಲಿ ನಿಮ್ಮ ಹೆಸರನ್ನು ಸೇರಿಸೋಕೆ ಆಗುತ್ತಾ ಕೇಳಿ. ಆಗದಿದ್ದರೆ ಕಂಪನಿಯ ಎಚ್ಆರ್ ಹತ್ರ ನಿಮ್ಮ ವಿಳಾಸ ಇರೋ ಪತ್ರ ತಗೊಳ್ಳಿ. ಎಸ್‌ಎಸ್‌ಎನ್ ಕಾರ್ಡ್ ಬಂದ ಲಕೋಟೆ ಇಟ್ಟುಕೊಂಡಿದ್ದೀರಾ? ಬಹಳ ಜನ ಕಾರ್ಡ್ ತೆಗೆದು ಲಕೋಟೆ ಬಿಸಾಕುತ್ತಾರೆ. ಸರ್ಕಾರದಿಂದ ಬಂದ ಅಂಚೆ ಅಂತ ನಾವು ಅದನ್ನೂ ನೋಡ್ತಿದ್ವಿ.

ಆನ್‌ಲೈನಿನಲ್ಲಿ ಅರ್ಜಿ ಹಾಕಬೇಡಿ, ನಿಮ್ಮ ಸ್ಥಿತಿಯಲ್ಲಿ. ಆನ್‌ಲೈನ್ ಅರ್ಜಿಯಲ್ಲಿ ಹಳೇ ವಿಳಾಸ, ಹಳೇ ಸಾಲ ಅಂತ ಪ್ರಶ್ನೆ ಬರುತ್ತೆ. ಐದು ವಾರದವರಿಗೆ ಹಳೇದು ಎಲ್ಲಿಂದ ಬರಬೇಕು? ಕಂಪ್ಯೂಟರ್ ಬೇಡ ಅಂದುಬಿಡುತ್ತೆ. ಸೀದಾ ಕೌಂಟರಿಗೆ ಹೋಗಿ. ಎದುರಿಗೆ ಪಾಸ್‌ಪೋರ್ಟ್ ಇಟ್ಟರೆ ಮನುಷ್ಯರು ಒಪ್ಪಿಕೊಳ್ಳುತ್ತಾರೆ.

ಇನ್ನೊಂದು. ಚೆಕ್ಸ್‌ಸಿಸ್ಟಮ್ಸ್ ಅಂತ ಒಂದು ಕಡೆ ವಿಚಾರಿಸುತ್ತಾರೆ. ಹಿಂದೆ ಯಾರ ಹತ್ರವಾದರೂ ಅಕೌಂಟ್ ಮೈನಸ್ ಮಾಡಿ ಬಿಟ್ಟು ಹೋಗಿದ್ದರೆ ಅದರಲ್ಲಿ 5 ವರ್ಷ ಹೆಸರು ಇರುತ್ತೆ. ನಿಮಗೆ ಚಿಂತೆ ಇಲ್ಲ. ಸಾಲದ ಕ್ರೆಡಿಟ್ ರಿಪೋರ್ಟನ್ನೂ ತೆಗೀತಾರಾ ಅಂತ ಮೊದಲೇ ಕೇಳಿ. ತೆಗೆದರೆ ಅದರ ಗುರುತು ನಿಮ್ಮ ಫೈಲಿನಲ್ಲಿ ಉಳಿಯಬಹುದು.

ಪರೀಕ್ಷೆ ಮುಂದೂಡಿ

ನಾನು ವಿದ್ಯಾರ್ಥಿ. ಎಫ್-1 ವೀಸಾ, ಕ್ಯಾಂಪಸ್ಸಿನಲ್ಲಿ ಕೆಲಸ ಸಿಕ್ಕಿಲ್ಲ, ಹಾಗಾಗಿ ಎಸ್‌ಎಸ್‌ಎನ್ ಇಲ್ಲ. ಅಕ್ಕ, ನನ್ನ ಕೇಸ್?

ಕೌಂಟರ್ ಅಕ್ಕ

ನಿಮ್ಮ ಯೂನಿವರ್ಸಿಟಿಯ ವಿದ್ಯಾರ್ಥಿಗಳನ್ನ ಸೇರಿಸಿಕೊಳ್ಳೋ ಯೂನಿಯನ್ ಇದೆಯಾ ಮೊದಲು ನೋಡಿ. ಅಂಥವರಿಗೆ ನಿಮ್ಮ ಥರದವರು ಪ್ರತಿ ಆಗಸ್ಟಿನಲ್ಲೂ ಸಾಲುಗಟ್ಟಿ ಬರ್ತಾರೆ, ಹೊಸತೇನಲ್ಲ. ಪಾಸ್‌ಪೋರ್ಟ್, ವೀಸಾ, ಐ-20 (ವೀಸಾಕ್ಕೆ ಅಂತ ಕಾಲೇಜು ಕೊಟ್ಟ ಪತ್ರ), ಕಾಲೇಜಿನ ಐಡಿ ಒಯ್ಯಿರಿ. ತೆರಿಗೆಯ ಫಾರ್ಮ್ ತುಂಬಿಸುವಾಗ ಮಾತ್ರ ಹುಷಾರು. ಅಭ್ಯಾಸಬಲದಿಂದ ಎಲ್ಲರಿಗೂ ಇಲ್ಲಿನವರ ಫಾರ್ಮ್ ಡಬ್ಲ್ಯೂ-9 ಕೊಡುತ್ತಾರೆ. ಹೊಸದಾಗಿ ಬಂದ ಎಫ್-1 ವಿದ್ಯಾರ್ಥಿ ಸಾಮಾನ್ಯವಾಗಿ ತುಂಬಬೇಕಾದ್ದು ಹೊರದೇಶದವರ ಫಾರ್ಮ್ ಡಬ್ಲ್ಯೂ-8ಬೆನ್. ಕೇಳಿ ಪಡೆಯಿರಿ.

ಬಡಗಣ ಗಾಳಿ

ಎಲ್ಲರೂ ಸೇರೋ ಮಾತೇ ಹೇಳಾಕತ್ತೀರಿ. ಸಹಿ ಹಾಕೋ ಕಾಗದದಾಗ ಏನೈತಿ ಅಂತ ಯಾರೂ ಹೇಳವಲ್ಲರು. ನನ್ನ ಕತಿ ಕೇಳ್ರಿ.

ಯೂನಿಯನ್ ಹೆಸರು ಬೇಡ. ನಾಲ್ಕು ವರ್ಷ ಕಾರ್ ಲೋನ್ ಕಟ್ಟಿದೆ. ಒಂದು ಕಂತೂ ತಪ್ಪಿಸಲಿಲ್ಲ. ಕೊನೇ ಕಂತು ಕಟ್ಟಿ, ಕಾರಿನ ಟೈಟಲ್, ಅಂದ್ರ ಮಾಲೀಕತ್ವದ ಕಾಗದ, ಕಳಿಸ್ರಿ ಅಂದೆ. ಬರಲೇ ಇಲ್ಲ. ಮೂರು ವಾರ ಆದಮೇಲೆ ಬ್ರಾಂಚಿಗೆ ಹೋದೆ. ಅಲ್ಲಿದ್ದ ಹುಡುಗಿ ಸ್ಕ್ರೀನ್ ನೋಡಿ, ನಿಮ್ಮ ಕ್ರೆಡಿಟ್ ಕಾರ್ಡಿನಲ್ಲಿ 1,140 ಡಾಲರ್ ಬಾಕಿ ಇದೆಯಲ್ಲ ಅಂದಳು. ಕಾರ್ಡೂ ಅವರದ್ದೇ. ಅದಕ್ಕೂ ಕಾರಿಗೂ ಏನ್ರೀ ಸಂಬಂಧ ಅಂದೆ. ಒಳಗಿಂದ ಲೋನಿನ ಕಾಗದ ತಂದು ಎರಡನೇ ಹಾಳೆಯ ಕೆಳಗೆ ಬೆರಳಿಟ್ಟಳು. ಇರುವೆ ಸಾಲಿನಂಥ ಅಕ್ಷರ. ಈ ಕಾರು ಈ ಸಾಲಕ್ಕಷ್ಟೇ ಅಲ್ಲ, ನಮ್ಮ ಹತ್ರ ನೀವು ಮಾಡಿರೋ, ಮುಂದೆ ಮಾಡೋ ಎಲ್ಲ ಸಾಲಕ್ಕೂ ಅಡವು ಅಂತ. ಅದರ ಪಕ್ಕದಾಗ ನನ್ನದೇ ಇನಿಷಿಯಲ್.

ಕಾರ್ ಮಾರೋಕೆ ಗಿರಾಕಿ ಬಂದು ನಿಂತಿದ್ದ. ಕಾರ್ಡಿನ ಬಾಕಿ ಪೂರ್ತಿ ಕಟ್ಟಿ ಟೈಟಲ್ ಬಿಡಿಸಿಕೊಂಡೆ. ತಪ್ಪು ಅವರದ್ದು ಅನ್ನೋಕೂ ಬರಲ್ಲ, ಸಹಿ ನಂದೇ. ಆದರೆ ಹೊಟ್ಟಿ ಉರೀತು.

ಕೌಂಟರ್ ಅಕ್ಕ

ಬಡಗಣ ಗಾಳಿ ಅವರೇ, ಇದನ್ನು ನೀವು ಬರೆದದ್ದು ಒಳ್ಳೇದಾಯಿತು. ನಾನು ಕೌಂಟರಿನಲ್ಲಿದ್ದಾಗ ಜನರಿಗೆ ಬಾಯಿಬಿಟ್ಟು ಹೇಳದೇ ಇದ್ದ ಸಂಗತಿ ಇದೇ. ನಾಚಿಕೆಯಿಂದಲೇ ಹೇಳ್ತಾ ಇದ್ದೀನಿ. ಫಾರ್ಮ್ ತಿರುಗಿಸಿ, ಇಲ್ಲಿ ಸಹಿ, ಇಲ್ಲಿ ಸಹಿ ಅಂತಿದ್ವಿ, ಅಷ್ಟೇ.

ಇದಕ್ಕೆ ಕ್ರಾಸ್ ಕೊಲ್ಯಾಟರಲ್ ಅಂತಾರೆ. ಬ್ಯಾಂಕುಗಳಲ್ಲಿ ಇಲ್ಲವೇ ಇಲ್ಲ ಅಂತಲ್ಲ, ಆದರೆ ಕ್ರೆಡಿಟ್ ಯೂನಿಯನ್ ಕಾಗದದಲ್ಲಿ ತುಂಬಾ ಮಾಮೂಲಿ. ಇದರ ಜೊತೆಗೇ ಇನ್ನೊಂದು ಸಾಲಿರುತ್ತೆ. ನೀವು ಸಾಲ ಕಟ್ಟದಿದ್ದರೆ ನಿಮ್ಮ ಷೇರ್ ಅಕೌಂಟಿನ ದುಡ್ಡನ್ನೇ ಮುರಿದುಕೊಳ್ಳಬಹುದು ಅಂತ.

ಸಾಮಾನ್ಯವಾಗಿ ಕ್ರೆಡಿಟ್ ಕಾರ್ಡ್ ಬಾಕಿಗೆ ಯಾವ ಸಂಸ್ಥೆಯೂ ನಿಮ್ಮ ಅಕೌಂಟಿನಿಂದ ತಾನಾಗಿ ದುಡ್ಡು ಎತ್ತೋ ಹಾಗಿಲ್ಲ. ಫೆಡರಲ್ ಕಾನೂನು ತಡೆಯುತ್ತೆ. ಆದರೆ ನೀವಾಗೇ ನಿಮ್ಮ ಷೇರನ್ನು ಅಡವಿಡ್ತೀನಿ ಅಂತ ಒಪ್ಪಿ ಬರೆದುಕೊಟ್ಟಿದ್ದರೆ ಆ ತಡೆ ಇಲ್ಲ. ಅದಕ್ಕೇ ಕಾರ್ಡಿನ ಅರ್ಜಿಯಲ್ಲಿ ಆ ಒಂದು ಪ್ಯಾರಾಕ್ಕೆ ಪ್ರತ್ಯೇಕ ಸಹಿ ತಗೊಳ್ಳೋದು. ಅದನ್ನು ನೋಡಿದರೆ ಅಲ್ಲೇ ನಿಲ್ಲಿಸಿ ಕೇಳಿ. ಕೆಲವರು ತೆಗೆದೂ ಕೊಡ್ತಾರೆ.

ನಾನು ಮಾಡಿಕೊಂಡಿರೋ ವ್ಯವಸ್ಥೆ ಹೇಳ್ತೀನಿ. ಸಾಲ ಒಂದು ಕಡೆ, ಸಂಬಳ ಇನ್ನೊಂದು ಕಡೆ. ಕಾರಿನ ಸಾಲ ಕೊಟ್ಟವರ ಹತ್ರ ಕ್ರೆಡಿಟ್ ಕಾರ್ಡ್ ಇಟ್ಟುಕೊಂಡಿಲ್ಲ.

ಲೆಕ್ಕದ ಪುಸ್ತಕ

ನೋಡಿ, ಮಾಲೀಕರು ಮಾಲೀಕರು ಅಂತ ಹೇಳಿ ಮಾಲೀಕರ ಕಾರನ್ನೇ ಹಿಡಿದಿಟ್ಟುಕೊಂಡರು.

ಮಾರಾಯ ಮಂಜ

ಸಹಕಾರ ಸಂಘದವರೂ ಹಾಗೇ ಅಲ್ವಾ? ಬಾಕಿ ಇಟ್ಟ ಮೆಂಬರಿಗೆ ಷೇರು ಹಣ ವಾಪಸ್ ಕೊಡ್ತಾರಾ? ಸಾಲ ಕೊಟ್ಟ ದುಡ್ಡು ಯಾರದ್ದು, ಉಳಿದ ಮೆಂಬರುಗಳದ್ದೇ. ನೀವು ಕಟ್ಟದಿದ್ದರೆ ಗುಳುಂ ಆಗೋದು ನನ್ನ ಡಿವಿಡೆಂಡ್.

ಲೆಕ್ಕದವರು ಕಾರ್ ಲೋನ್ ಚೆನ್ನಾಗಿತ್ತು ಅಂದರಲ್ಲ, ಯಾಕೆ ಅಂತಲೂ ಹೇಳಬೇಕಿತ್ತು. ಕೇಂದ್ರ ಸರ್ಕಾರದಿಂದ ಚಾರ್ಟರ್ ಪಡೆದ ಫೆಡರಲ್ ಯೂನಿಯನ್ನುಗಳ ಸಾಲದ ಬಡ್ಡಿಗೆ ಶೇ 18ರ ಮೇಲ್ಮಿತಿ ಇದೆ, ಕ್ರೆಡಿಟ್ ಕಾರ್ಡಿಗೂ ಸೇರಿ. ಅವಧಿಗೆ ಮುಂಚೆ ಸಾಲ ತೀರಿಸಿದರೆ ದಂಡ ಹಾಕೋ ಹಾಗಿಲ್ಲ. ತುರ್ತಿಗೆ 200ರಿಂದ 1,000 ಡಾಲರ್ ತನಕ ಕೊಡೋ ಸಣ್ಣ ಸಾಲ ಒಂದಿದೆ, ಅದಕ್ಕೆ ಮಾತ್ರ ಶೇ 28. ಮುಂದಿನ ಸಂಬಳದ ತನಕ ಸಾಲ ಕೊಡೋ ಬೀದಿ ಬದಿಯ ಪೇಡೇ ಲೋನಿನವರ ದರ ಗೊತ್ತಿದ್ದವರಿಗೆ ಈ 28ರ ಬೆಲೆ ಗೊತ್ತು.

ಲೆಕ್ಕದ ಪುಸ್ತಕ

ಸರಿ, ಒಪ್ಪಿದೆ. ಕಾರ್ಡ್ ದರ ನಾನು ಹೋಲಿಸಿ ನೋಡಿರಲಿಲ್ಲ. ಆ್ಯಪಿನ ಮಾತು ವಾಪಸ್ ತಗೊಳ್ಳಲ್ಲ.

ಪರೀಕ್ಷೆ ಮುಂದೂಡಿ

ಮನೆಗೆ ದುಡ್ಡು ಕಳಿಸೋದು, ಮನೆಯಿಂದ ತರಿಸೋದು? ಅಪ್ಪ ಫೀಸು ಕಳಿಸಬೇಕು.

ಬಡಗಣ ಗಾಳಿ

ತಮ್ಮಾ, ಇದು ಮೊದಲೇ ಕೇಳಿದ್ದು ಚಲೋ ಆತು. ಹೊರದೇಶದ ದುಡ್ಡು ನೇರ ಬರೋಕೆ ಬೇಕಾದ ಸ್ವಿಫ್ಟ್ ಕೋಡ್ ಸಣ್ಣ ಯೂನಿಯನ್ನಿಗೆ ಇರೋದಿಲ್ಲ ಬಹಳ ಕಡೆ. ಹೊರದೇಶದಿಂದ ಬರೋ ದುಡ್ಡು ಮಧ್ಯದಲ್ಲಿ ಇನ್ನೊಂದು ಸಂಸ್ಥೆಗೆ ಇಳಿದು, ಅಲ್ಲಿಂದ ಇವರಿಗೆ ಬರಬೇಕು. ಯೂನಿಯನ್ನಿನವರು ಒಂದು ಹಾಳೆ ಕೊಡ್ತಾರ, ಯಾವ ಸಂಸ್ಥೆ, ಯಾವ ನಂಬರ್, ಕೊನೆಗೆ ಯಾರ ಹೆಸರು ಅಂತ. ಅದನ್ನ ಇದ್ದ ಹಾಗೇ ಅಪ್ಪನ ಬ್ಯಾಂಕಿಗೆ ಕಳಿಸು. ಒಂದು ಸಾಲು ಬಿಟ್ಟರೂ ದುಡ್ಡು ಮಧ್ಯದಾಗ ಸಿಕ್ಕೊಂಡು ವಾರಗಟ್ಟಲೆ ಒದ್ದಾಡ್ತದ. ಕಾಲೇಜಿನ ಫೀಸನ್ನ ಅಪ್ಪ ನೇರ ಕಾಲೇಜಿಗೇ ಕಟ್ಟೋಕೆ ಆಗ್ತದೇನು ಅದನ್ನೂ ನೋಡು.

ಇಲ್ಲಿಂದ ಕಳಿಸೋದಕ್ಕೆ ಆ್ಯಪ್‌ಗಳವೆ, ಅದಕ್ಕೆ ಅಕೌಂಟ್ ಜೋಡಿಸಬೇಕು. ಸಣ್ಣ ಯೂನಿಯನ್ನಿನ ಹೆಸರು ಅವರ ಪಟ್ಟಿಯಲ್ಲಿ ಇಲ್ಲದಿದ್ದರೆ ಕೆಲವು ಸೆಂಟ್ ಹಾಕಿ ಪರೀಕ್ಷೆ ಮಾಡ್ತಾರ, ಎರಡು ಮೂರು ದಿನ ಹಿಡೀತದ.

ಹೊಸನೀರು

ಹನ್ನೆರಡು ದಿನ ಆದಮೇಲೆ ಬರೀತಾ ಇದ್ದೀನಿ. ಸೇರಿದೆ!

ಎಚ್ಆರ್ ಪತ್ರ ನಡೀತು. ಲಕೋಟೆ ಬಿಸಾಕಿದ್ದೆ 🙁 ಕೌಂಟರಿನಲ್ಲಿ ಇದ್ದವರು ನಲವತ್ತು ನಿಮಿಷ ಕೂತು ಎಲ್ಲ ತೋರಿಸಿದರು. ಮಧ್ಯದಲ್ಲಿ "ಕರ್ಟೆಸಿ ಪೇ ಬೇಕಾ" ಅಂತ ಕೇಳಿದರು. ಕರ್ಟೆಸಿ ಅಂದರೆ ಸೌಜನ್ಯ ಅಲ್ವಾ, ಹೂಂ ಅನ್ನೋಕೆ ಬಾಯಿ ತೆರೆದಿದ್ದೆ. ಏನು ಅಂತ ಕೇಳಿದರೆ, ಅಕೌಂಟಿನಲ್ಲಿ ದುಡ್ಡಿಲ್ಲದಿದ್ದರೂ ಡೆಬಿಟ್ ಕಾರ್ಡ್ ನಡೆಯೋ ಹಾಗೆ ಮಾಡಿ, ಪ್ರತಿ ಸಲಕ್ಕೂ ಫೀಸ್ ಹಾಕ್ತಾರಂತೆ. ಬೇಡ ಅಂದೆ.

ಆದರೆ ಎಡವಟ್ಟು ಆಗಿಯೇ ಹೋಯಿತು. ಅವರು ಕೊಟ್ಟ ಕಾರ್ಡಿನ ಮೇಲೆ ಮೆಂಬರ್ ನಂಬರ್ ಅಂತ ಆರು ಅಂಕಿ ಇತ್ತು. ಅದೇ ಅಕೌಂಟ್ ನಂಬರ್ ಅಂದುಕೊಂಡು ಕಂಪನಿಗೆ ಕೊಟ್ಟೆ. ಸಂಬಳದ ದಿನ ದುಡ್ಡು ಬರಲಿಲ್ಲ. ಮರುದಿನವೂ ಇಲ್ಲ. ಮೂರನೇ ದಿನ ಕಂಪನಿಯಿಂದ ಮೇಲ್, "ಅಂಥ ಅಕೌಂಟ್ ಇಲ್ಲ ಅಂತ ವಾಪಸ್ ಬಂದಿದೆ." ಬಾಡಿಗೆ ಕಟ್ಟೋ ದಿನ ಬೇರೆ. ಕೊನೆಗೆ ಕಾಗದದ ಚೆಕ್ ಬರೆದುಕೊಟ್ಟರು. ಅದನ್ನು ಹಾಕಿದರೆ ಯೂನಿಯನ್ನಿನವರು ಹೊಸ ಅಕೌಂಟ್ ಅಂತ ಒಂದಷ್ಟು ದಿನ ತಡೆ ಹಿಡಿದರು. ಸ್ನೇಹಿತನ ಹತ್ರ ಸಾಲ ಮಾಡಿ ಬಾಡಿಗೆ ಕಟ್ಟಿದೆ.

ಕೌಂಟರ್ ಅಕ್ಕ

ಅಯ್ಯೋ, ಇದನ್ನು ಮೊದಲೇ ಹೇಳಬೇಕಿತ್ತು ನಾನು. ತಿಂಗಳಿಗೆ ನಾಲ್ಕು ಜನವಾದರೂ ಇದೇ ತಪ್ಪಿಗೆ ಬರ್ತಿದ್ದರು.

ಮೆಂಬರ್ ನಂಬರ್ ಅಂದ್ರೆ ನೀವು ಯಾರು ಅಂತ. ಆ ಒಂದು ನಂಬರಿನ ಕೆಳಗೆ ನಿಮ್ಮ ಸೇವಿಂಗ್ಸ್, ಚೆಕಿಂಗ್, ಸಾಲ ಎಲ್ಲ ಇರುತ್ತೆ, ಪ್ರತಿಯೊಂದಕ್ಕೂ ಒಂದು ಬಾಲ. ಸಂಬಳಕ್ಕೆ ಬೇಕಾದ್ದು ಅದಲ್ಲ. ಚೆಕ್ಕಿನ ಕೆಳಗೆ ಉದ್ದಕ್ಕೆ ಅಚ್ಚಾಗಿರುತ್ತಲ್ಲ, ಆ ಪೂರ್ತಿ ನಂಬರ್. ಕೆಲವು ಕಡೆ ಹದಿಮೂರು ಅಂಕಿ ತನಕ ಇರುತ್ತೆ. ಅದರ ಜೊತೆಗೆ ಯೂನಿಯನ್ ಯಾವುದು ಅಂತ ಹೇಳೋ ರೂಟಿಂಗ್ ನಂಬರ್, ಅದು ಎಲ್ಲ ಕಡೆಯೂ 9 ಅಂಕಿ. ಚೆಕ್ ಬುಕ್ ಇಲ್ಲದಿದ್ದರೆ "ಡೈರೆಕ್ಟ್ ಡೆಪಾಸಿಟ್ ಫಾರ್ಮ್ ಅಚ್ಚು ಹಾಕಿ ಕೊಡಿ" ಅನ್ನಿ. ಎರಡೂ ನಂಬರ್ ಅದರಲ್ಲೇ ಬರುತ್ತೆ.

ಚೆಕ್ ತಡೆ ಹಿಡಿಯೋದು ಮೊದಲ 30 ದಿನ ಜಾಸ್ತಿ, ಹೊಸ ಅಕೌಂಟಿಗೆ ನಿಯಮವೇ ಬೇರೆ. ಆಮೇಲೆ ಸಡಿಲ ಆಗುತ್ತೆ. ಹಾಗೇ ಸೇವಿಂಗ್ಸಿನಿಂದ ಚೆಕಿಂಗಿಗೆ ತಿಂಗಳಿಗೆ ಎಷ್ಟು ಸಲ ದುಡ್ಡು ದಾಟಿಸಬಹುದು ಕೇಳಿಕೊಳ್ಳಿ. ಮೊದಲು 6 ಸಲದ ಮಿತಿ ಇತ್ತು. 2020ರ ಏಪ್ರಿಲಿನಲ್ಲಿ ಫೆಡರಲ್ ರಿಸರ್ವ್ ತೆಗೆದುಹಾಕಿತು. ಕೆಲವು ಯೂನಿಯನ್ನುಗಳು ಇನ್ನೂ ಹಳೇ ಪಾಠವನ್ನೇ ಒಪ್ಪಿಸ್ತಾ ಇವೆ.

ಹೊಸನೀರು

ಈಗ ಸರಿ ಮಾಡಿಸಿದೆ ಅಕ್ಕ. ಈ ಸಲದ ಸಂಬಳ ಬಂತು. ಇನ್ನೊಂದು ಸಣ್ಣ ಪ್ರಶ್ನೆ. ಕೆಲಸ ಬದಲಾಗಿ ಬೇರೆ ರಾಜ್ಯಕ್ಕೆ ಹೋದರೆ? ನಂಟು ತಪ್ಪಿದರೆ ಹೊರಗೆ ಹಾಕ್ತಾರಾ?

ಮಾರಾಯ ಮಂಜ

ಬಹುಪಾಲು ಕಡೆ ಒಮ್ಮೆ ಮೆಂಬರ್ ಆದವರು ಯಾವತ್ತೂ ಮೆಂಬರ್. ನಾನು ಮೂರು ರಾಜ್ಯ ತಿರುಗಿದೆ, ಈಗಲೂ ಮೊದಲಿನದ್ದೇ ಇಟ್ಟುಕೊಂಡಿದ್ದೇನೆ. ಷೇರ್ಡ್ ಬ್ರಾಂಚ್ ಅಂತ ಒಂದು ಒಕ್ಕೂಟ ಉಂಟು. ನಿಮ್ಮ ಯೂನಿಯನ್ ಅದರಲ್ಲಿದ್ದರೆ ಬೇರೆ ಯೂನಿಯನ್ನಿನ ಕೌಂಟರಿಗೆ ಹೋಗಿ ನಿಮ್ಮ ಅಕೌಂಟಿಗೆ ದುಡ್ಡು ಕಟ್ಟಬಹುದು, ತೆಗೆಯಬಹುದು. ಯೂನಿಯನ್ ಹೆಸರು, ಅಕೌಂಟ್ ನಂಬರ್, ಫೋಟೋ ಇರೋ ಐಡಿ ತೋರಿಸಿದರೆ ಆಯಿತು. ಮೊದಲ ಸಲ ನಾನು ಹೀಗೆ ತೆಗೆದಾಗ ಕಳ್ಳತನ ಮಾಡಿದ ಹಾಗೆ ಅನ್ನಿಸಿತ್ತು.

ಆದರೆ ಸುಮ್ನೆ ಬಿಟ್ಟು ಮರೀಬೇಡಿ. ವರ್ಷಗಟ್ಟಲೆ ಮುಟ್ಟದ ಅಕೌಂಟಿಗೆ ಕೆಲವರು ಫೀಸ್ ಹಾಕ್ತಾರೆ. ಇನ್ನೂ ಬಿಟ್ಟರೆ ದುಡ್ಡು ರಾಜ್ಯ ಸರ್ಕಾರದ ಖಜಾನೆಗೆ ಹೋಗ್ತದೆ. ಆಮೇಲೆ ಅರ್ಜಿ ಹಾಕಿ ಬಿಡಿಸಿಕೊಳ್ಳಬೇಕು.

ಲೆಕ್ಕದ ಪುಸ್ತಕ

ವಾರ್ಷಿಕ ಸಭೆಗೆ ಯಾರಾದರೂ ಹೋಗಿದ್ದೀರಾ? ಮಾಲೀಕರು ಅಂದಮೇಲೆ ಕೇಳ್ತಾ ಇದ್ದೀನಿ.

ಕೌಂಟರ್ ಅಕ್ಕ

ನಮ್ಮಲ್ಲಿ ಸಾವಿರಾರು ಸದಸ್ಯರು, ಸಭೆಗೆ ಬರ್ತಿದ್ದದ್ದು ಮೂವತ್ತು ಮೂವತ್ತೈದು ಜನ. ಅದರಲ್ಲಿ ಅರ್ಧ ನಾವೇ ಸಿಬ್ಬಂದಿ. ಬೋರ್ಡಿನಲ್ಲಿ ಕೂರೋರಿಗೆ ಹೆಚ್ಚುಕಮ್ಮಿ ಸಂಬಳವೇ ಇರಲ್ಲ, ಸದಸ್ಯರಿಂದಲೇ ಆರಿಸಿ ಬಂದವರು. ಒಂದು ವರ್ಷ ಒಬ್ಬ ನಿವೃತ್ತ ಮೇಷ್ಟ್ರು ಎದ್ದು ನಿಂತು, ಡ್ರೈವ್-ಥ್ರೂ ಕಿಟಕಿ ಯಾಕೆ ಮುಚ್ಚಿದಿರಿ, ಮಂಡಿ ನೋವಿರೋ ನನ್ನಂಥವರು ಏನು ಮಾಡಬೇಕು ಅಂತ ಕೇಳಿದರು. ಮುಂದಿನ ತಿಂಗಳು ಕಿಟಕಿ ತೆರೆಯಿತು. ಲೆಕ್ಕದ ಸರ್, ನಿಮ್ಮ ಆ್ಯಪಿನ ವಿಷಯ ಅಲ್ಲಿ ಹೋಗಿ ಹೇಳಿ.

ಲೆಕ್ಕದ ಪುಸ್ತಕ

ಮಾರ್ಚಿನಲ್ಲಿ ಇದೆಯಂತೆ. ಈಗ ತಾನೇ ನೋಡಿದೆ. ಹೋಗ್ತೀನಿ, ಪಟ್ಟಿ ಮಾಡಿಕೊಂಡೇ ಹೋಗ್ತೀನಿ.

ಪರೀಕ್ಷೆ ಮುಂದೂಡಿ

ಅಕ್ಕ, ನನಗೂ ಇವತ್ತು ಆಯಿತು. ಕ್ಯಾಂಪಸ್ ಪಕ್ಕದ ಯೂನಿಯನ್, ಪಾಸ್‌ಪೋರ್ಟ್ ಮತ್ತು ಐ-20 ಸಾಕಾಯಿತು. ಡಬ್ಲ್ಯೂ-9 ಮುಂದಿಟ್ಟರು, ನಾನು 8ಬೆನ್ ಕೇಳಿದೆ. ಆ ಹುಡುಗ ಒಳಗೆ ಹೋಗಿ ಯಾರನ್ನೋ ವಿಚಾರಿಸಿಕೊಂಡು ಬಂದು ಸಾರಿ ಅಂದ. ಹೊರಡುವಾಗ ಪೂರ್ತಿ ಅಕೌಂಟ್ ನಂಬರ್ ಬರೆಸಿಕೊಂಡೆ. ಹದಿಮೂರು ಅಂಕಿ, ಎರಡು ಸಲ ಎಣಿಸಿದೆ.